ಟಿಯೋಟಿವಾಕಾನ್ ಕಟ್ಟಿದವರು ಅಜ್ಟೆಕ್ಕರಲ್ಲ

ಮೆಕ್ಸಿಕೋದ ಪ್ರಾಚೀನ ಊರು ಟಿಯೋಟಿವಾಕಾನ್‌ನ ಪಿರಮಿಡ್ಡುಗಳನ್ನು ಅಜ್ಟೆಕ್ಕರೇ ಕಟ್ಟಿದ್ದಲ್ವಾ, ಕಬ್ಬಿಣ ಇಲ್ಲದೆ ಹೇಗೆ ಕಟ್ಟಿದರು ಅಂತ ಕೇಳಿದ್ದೀರಿ. ಅಜ್ಟೆಕ್ಕರಲ್ಲ. ಸ್ಪೇನಿನವರು ಬರುವ ಮುಂಚೆ ಮೆಕ್ಸಿಕೋದಲ್ಲಿ ಆಳುತ್ತಿದ್ದ ಅವರು ತಮ್ಮ ರಾಜಧಾನಿ ಟೆನೊಚ್ಟಿಟ್ಲಾನ್ ಕಟ್ಟಲು ಶುರು ಮಾಡಿದ್ದೇ 1325ರ ಸುಮಾರಿಗೆ. ಅಷ್ಟರಲ್ಲಿ ಈ ಊರಿನ ವೈಭವ ಮುಗಿದು ಆರೇಳು ನೂರು ವರ್ಷ ಆಗಿತ್ತು. ಅವರು ಬಂದು ನೋಡಿದ್ದು ಹಾಳು ಊರನ್ನು, ಹೆಸರಿಟ್ಟಿದ್ದು ಮಾತ್ರ ಅವರೇ. ಕಟ್ಟಿದವರು ಯಾವ ಭಾಷೆ ಆಡುತ್ತಿದ್ದರು ಅನ್ನೋದು ಇವತ್ತಿಗೂ ಜಗಳದ ವಿಷಯ.

ಇನ್ನು ಕಬ್ಬಿಣ. ಅಲ್ಲಿನ ಅತಿ ದೊಡ್ಡದಾದ ಸೂರ್ಯ ಪಿರಮಿಡ್ ಸುಮಾರು 65 ಮೀಟರ್ ಎತ್ತರ, ಬುಡದಲ್ಲಿ ಒಂದೊಂದು ಬದಿ 220 ಮೀಟರಿಗೂ ಜಾಸ್ತಿ. ಆದರೆ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಹಾಗೆ ಒಳಗೂ ಹೊರಗೂ ಕಡಿದ ಕಲ್ಲಲ್ಲ. ಒಳಗೆ ಮಣ್ಣು, ಕಲ್ಲುಚೂರು ತುಂಬಿ, ಹೊರಗೆ ಜ್ವಾಲಾಮುಖಿಯ ಕಲ್ಲು ಹೊದಿಸಿ, ಅದರ ಮೇಲೆ ಸುಣ್ಣದ ಗಾರೆ ಬಳಿದು ಬಣ್ಣ ಹಚ್ಚಿದ್ದರು. ಎತ್ತಿಲ್ಲ, ಕುದುರೆಯಿಲ್ಲ, ಗಾಡಿಯೂ ಇಲ್ಲ, ಎಲ್ಲಾ ಜನರೇ ಹೊತ್ತು ಹಾಕಿದ್ದು. ಕತ್ತರಿಸೋಕೆ ಅಬ್ಸಿಡಿಯನ್ ಇತ್ತು, ಅಂದರೆ ಕಪ್ಪು ಜ್ವಾಲಾಮುಖಿ ಗಾಜು, ಸರಿಯಾಗಿ ಸೀಳಿದರೆ ಬ್ಲೇಡಿನಷ್ಟು ಚೂಪು.

ನನ್ನ ಕೇಳಿದರೆ ಪಿರಮಿಡ್ಡಿಗಿಂತ ಅಲ್ಲಿನ ಮನೆಗಳನ್ನು ನೋಡಬೇಕು. ಸುಮಾರು 2000 ವಠಾರಗಳಿದ್ದವು, ಹೌದು, ನಮ್ಮ ವಠಾರದ ಥರಾನೇ: ಸುತ್ತ ಎತ್ತರದ ಗೋಡೆ, ಒಳಗೆ ಹಲವು ಸಂಸಾರ, ನಡುವೆ ಅಂಗಳ, ಅಂಗಳದಲ್ಲಿ ಪೂಜೆಯ ಕಟ್ಟೆ, ನೆಲದಡಿ ಮಳೆನೀರು ಹೋಗೋಕೆ ಮೋರಿ. ಸತ್ತವರನ್ನೂ ಎಷ್ಟೋ ಸಲ ಅದೇ ನೆಲದಡಿ ಹೂಳುತ್ತಿದ್ದರು.