ಕಾಳು ಆರಿಸಲು ಒಂದು ಜಾಗ: ಒಳಾಂಗಣದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಾರಸಿ ಮುಗಿದಿದೆ, ಒಳಾಂಗಣದ ಕೆಲಸ ಶುರುವಾಗಬೇಕು. ಮನೆಯಲ್ಲಿ ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಮೂಡಿಗೆರೆ ಕಡೆಯ ಹೆಂಚಿನ ಮನೆ ಬಿಟ್ಟು ನಮ್ಮೊಂದಿಗೆ ಇರಲು ಬರುತ್ತಿರುವ ಅತ್ತೆ, ಮಾವ. ವಿನ್ಯಾಸಕರು ಕಂಪ್ಯೂಟರಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಹೊಳೆಯುವ ಬಿಳಿ ಟೈಲ್ಸ್, ಫಾಲ್ಸ್ ಸೀಲಿಂಗ್, ಟಿ.ವಿ.ಗೆಂದೇ ಒಂದಿಡೀ ಗೋಡೆ ಇವೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಅತ್ತೆಯವರು ಅದನ್ನು ನೋಡಿ, “ಇದ್ರಲ್ಲಿ ನಾನು ಕಾಳು ಆರಿಸೋಕೆ ಎಲ್ಲಿ ಕೂರ್ಲಿ?” ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಎಲ್ಲರಿಗೂ ನಮ್ಮದು ಎನ್ನಿಸುವ ಮನೆಯನ್ನು ಹೇಗೆ ರೂಪಿಸಿಕೊಳ್ಳಬೇಕು?

ಉತ್ತರ: ನಿಮ್ಮ ಅತ್ತೆಯವರು ಕೇಳಿದ್ದು ಒಳಾಂಗಣದ ಕೆಲಸ ಶುರುವಾಗುವ ಮೊದಲು ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಬಣ್ಣ, ಟೈಲ್ಸ್, ಕಪಾಟುಗಳ ಆಯ್ಕೆಯನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮ ಮನೆಯ ಆರೂ ಜನ ಬೆಳಗಿನಿಂದ ರಾತ್ರಿಯವರೆಗೆ ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ, ಎಲ್ಲಿ ಕೂರುತ್ತಾರೆ, ಯಾವುದಕ್ಕೆ ಜಾಗವಿಲ್ಲದೆ ಪರದಾಡುತ್ತಾರೆ ಎಂಬುದನ್ನು ಒಂದು ವಾರ ನೋಟ್ ಪುಸ್ತಕದಲ್ಲಿ ಬರೆದಿಡಿ. ಮಾವನವರು ಪತ್ರಿಕೆ ಓದುವುದು, ಮಕ್ಕಳು ಶಾಲೆಯ ಚೀಲ ಎಸೆಯುವುದು, ನೀವು ಫೋನಿನಲ್ಲಿ ತವರಿನವರೊಂದಿಗೆ ಮಾತನಾಡುವುದು, ಎಲ್ಲವೂ ಆ ಪಟ್ಟಿಯಲ್ಲಿರಲಿ. ಬರೆದದ್ದನ್ನು ವಿನ್ಯಾಸಕರ ಕೈಗೆ ಕೊಟ್ಟು, ಇವಕ್ಕೆಲ್ಲ ಜಾಗ ತೋರಿಸಿದ ಮೇಲೆಯೇ ಬೇರೆ ಮಾತು ಎಂದು ಹೇಳಿ. ಒಳ್ಳೆಯ ವಿನ್ಯಾಸಕರು ಇದರಿಂದ ಬೇಸರಿಸಿಕೊಳ್ಳುವುದಿಲ್ಲ, ಅವರ ಕೆಲಸ ಇದರಿಂದ ಹಗುರವೇ ಆಗುತ್ತದೆ.

ಕಾಳು ಆರಿಸುವ ಜಾಗವನ್ನೇ ತೆಗೆದುಕೊಳ್ಳೋಣ. ಮೊರದಲ್ಲಿ ಹರಡಿದ ತೊಗರಿಬೇಳೆಯಲ್ಲಿ ಸಣ್ಣ ಕಲ್ಲು ಕಾಣಬೇಕಾದರೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಕಲ್ಲಿನ ನೆರಳು ಬೇಳೆಯ ನೆರಳಿಗಿಂತ ಬೇರೆಯಾಗಿ ಎದ್ದು ಕಾಣುತ್ತದೆ. ತಲೆಯ ಮೇಲಿಂದ ಸುರಿಯುವ ಸೀಲಿಂಗ್ ದೀಪದಲ್ಲಿ ಅದು ತಿಳಿಯುವುದಿಲ್ಲ, ಅದರಲ್ಲಿಯೂ ವಯಸ್ಸಾದ ಕಣ್ಣುಗಳಿಗೆ ಹೆಚ್ಚು ಬೆಳಕು ಬೇಕಾಗುತ್ತದೆ. ಹೆಂಚಿನ ಮನೆಯ ಜಗಲಿಯಲ್ಲಿ ಈ ಬೆಳಕು ತಾನಾಗಿಯೇ ಸಿಗುತ್ತಿತ್ತು. ನಿಮ್ಮ ಹೊಸ ಮನೆಯಲ್ಲಿ ಅಡುಗೆಮನೆಗೆ ಹತ್ತಿರದ ಕಿಟಕಿಯೊಂದಕ್ಕೆ, ಸಾಧ್ಯವಾದರೆ ಪೂರ್ವದ ಕಿಟಕಿಗೆ, ಸುಮಾರು 16 ಇಂಚು ಎತ್ತರದ, ಕಾಲು ಮಡಿಚಿ ಕೂರಲು 24 ಇಂಚಿನಷ್ಟು ಅಗಲದ ಕಟ್ಟೆಯೊಂದನ್ನು ಕಟ್ಟಿಸಿ. ಮೇಲೆ ಮರದ ಹಲಗೆ, ಒಗೆಯಲು ಬರುವಂಥ ಹೊದಿಕೆಯ ತೆಳು ದಿಂಬು, ಪಕ್ಕದಲ್ಲಿ ಹಿಡಿದು ಏಳಲು ಗಟ್ಟಿಯಾದ ಆಸರೆ, ಕೆಳಗೆ ಮೊರ, ಈಳಿಗೆಮಣೆ, ಡಬ್ಬಿಗಳಿಗೆ ಜಾಗ. ಬೆಳಿಗ್ಗೆ ಅಲ್ಲಿ ಕಾಳು ಆರಿಸುವುದು, ಮಧ್ಯಾಹ್ನ ಅವರೆಕಾಯಿ ಸುಲಿಯುವುದು, ಸಂಜೆ ಮಕ್ಕಳು ಅಜ್ಜಿಯ ಪಕ್ಕದಲ್ಲಿ ಕುಳಿತು ಮನೆಪಾಠ ಬರೆಯುವುದು, ಎಲ್ಲವೂ ನಡೆಯುತ್ತದೆ. ಟಿ.ವಿ. ಗೋಡೆಯ ವೆಚ್ಚದಲ್ಲಿ ಸಣ್ಣದೊಂದು ಪಾಲು ಇದಕ್ಕೆ ಸಾಕು. ಮನೆಯ ಅತ್ಯುತ್ತಮ ಬೆಳಕನ್ನು ತಿಂಗಳಿಗೊಮ್ಮೆ ಬರುವ ನೆಂಟರ ಸೋಫಾಕ್ಕೆ ಮೀಸಲಿಟ್ಟು, ದಿನವಿಡೀ ಮನೆಯಲ್ಲಿರುವವರನ್ನು ಮೂಲೆಗೆ ಕೂರಿಸುವುದು ನನಗೆ ಸರಿಕಾಣದು.

ಬಿಸಿಲಿನ ವಿಚಾರವೂ ಇದಕ್ಕೆ ಸೇರಿಕೊಂಡದ್ದೇ. ಚಿಕ್ಕಮಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ಇರುತ್ತಾನೆ. ಹೀಗಾಗಿ ಡಿಸೆಂಬರ್, ಜನವರಿಯ ಚಳಿಯಲ್ಲಿ ದಕ್ಷಿಣದ ಕಿಟಕಿಯಿಂದ ಕೋಣೆಯೊಳಗೆ ಹಿತವಾದ ಬಿಸಿಲು ಬರುತ್ತದೆ. ನಿಮ್ಮ ಮಾವನವರ ಓದುವ ಕುರ್ಚಿಗೆ ಅದೇ ತಕ್ಕ ಜಾಗ. ಮುಂಗಾರಿನ ಇರಚಲು ಮಾತ್ರ ಪಶ್ಚಿಮ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಆ ದಿಕ್ಕಿನ ಕಿಟಕಿಗಳಿಗೆ ಎರಡು ಅಡಿ ಚಾಚಿದ ಸಜ್ಜಾ ಇಲ್ಲದಿದ್ದರೆ ಈಗಲೇ ಹಾಕಿಸಿ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರು ಜನರ ಬಟ್ಟೆ ಎಲ್ಲಿ ಒಣಗಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ಮನೆಗಳನ್ನು ಮಲೆನಾಡಿನಲ್ಲಿ ಎಷ್ಟೋ ನೋಡಿದ್ದೇನೆ. ಗೃಹಪ್ರವೇಶದ ದಿನ ಚಿತ್ರದಂತಿದ್ದ ಹಾಲ್, ಆಷಾಢದ ಹೊತ್ತಿಗೆ ಕುರ್ಚಿಗಳ ಬೆನ್ನಿನ ಮೇಲೆಲ್ಲ ಹಸಿ ಬಟ್ಟೆ, ಮೂಲೆಯಲ್ಲಿ ನೀರು ಸೋರುವ ಕೊಡೆ, ಎಲ್ಲೆಡೆ ಮುಗ್ಗಲು ವಾಸನೆ. ಮನೆಯವರಿಗೆ ತಮ್ಮ ಮನೆಯ ಮೇಲೆಯೇ ಅಸಹನೆ ಹುಟ್ಟುವುದು ಆಗ. ಹಿಂದೆ ಬಚ್ಚಲೊಲೆಯ ಕಾವಿನ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಈಗ ಅಡುಗೆಮನೆಯ ಹಿಂದಿನ ಜಾಗಕ್ಕೆ ಮೇಲೆ ಮುಚ್ಚಿಗೆ ಹಾಕಿ, ಎದುರುಬದುರಾಗಿ ಎರಡು ಕಡೆ ಜಾಲಂಧ್ರ ಬಿಡಿಸಿ, ಹಗ್ಗ ಎಳೆದರೆ ಮೇಲೇರುವ ಬಟ್ಟೆಕೋಲುಗಳನ್ನು ಸೂರಿಗೆ ತೂಗುಹಾಕಿಸಿ. ತಲೆಬಾಗಿಲಿನ ಬಳಿ ಕೊಡೆ, ರೈನ್‌ಕೋಟ್, ಒದ್ದೆ ಚಪ್ಪಲಿಗಳಿಗೆ ನೀರು ಹರಿದುಹೋಗುವಂಥ ಕಲ್ಲಿನ ತಗ್ಗೊಂದನ್ನು ಮಾಡಿಸಿ. ಊರಿನ ಮನೆಯಲ್ಲಿ ಹಳೆಯ ಬೆಂಚು ಇದ್ದರೆ ಅದನ್ನು ಇಲ್ಲಿಯೇ ಹಾಕಿ, ಶೂ ಕಟ್ಟಿಕೊಳ್ಳಲು ಅನುಕೂಲ.

ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ. ಒದ್ದೆಯಾದರೆ ಅದು ಜಾರುತ್ತದೆ, ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗೆ ಒದ್ದೆ ಕಾಲು ತಪ್ಪಿದ್ದಲ್ಲ. ನುರಿತ ಗಾರೆ ಕೆಲಸದವರು ಸಿಕ್ಕರೆ ಅತ್ತೆ ಮಾವನವರ ಕೋಣೆಗಾದರೂ ರೆಡ್ ಆಕ್ಸೈಡ್ ನೆಲ ಮಾಡಿಸಿ. ಕೆಳಗಿನ ಸಿಮೆಂಟಿನ ಪದರ ಪೂರ್ತಿ ಒಣಗುವ ಮೊದಲೇ ಬಣ್ಣದ ಪದರವನ್ನು ಕೊಟ್ಟು ಕರಣೆಯಿಂದ ಉಜ್ಜಿ ಉಜ್ಜಿ ನಯಗೊಳಿಸಬೇಕಾದ, ಆಮೇಲೆ ದಿನಗಟ್ಟಲೆ ನೀರುಣಿಸಬೇಕಾದ ಕೆಲಸ ಅದು. ಅವಸರಪಟ್ಟರೆ ಬಿರುಕು ಬಿಡುತ್ತದೆ. ಚೆನ್ನಾಗಿ ಬಂದರೆ ತುಳಿದಷ್ಟೂ ನಯವಾಗುತ್ತ ಹೋಗುತ್ತದೆ. ಅಂಥ ಕೆಲಸಗಾರರು ಸಿಗದಿದ್ದರೆ ಮ್ಯಾಟ್ ಟೈಲ್ಸ್ ಸಾಕು. ಬಚ್ಚಲುಮನೆಗೆ ಒರಟು ಟೈಲ್ಸ್, ಗೋಡೆಗೆ ಹಿಡಿಕೆ, ಹೊಸ್ತಿಲಿನ ಎತ್ತರ ಆದಷ್ಟು ಕಡಿಮೆ, ಇವುಗಳಲ್ಲಿ ರಾಜಿ ಬೇಡ.

ಅಡುಗೆ ಕಟ್ಟೆಯ ಎತ್ತರವನ್ನು ಅಡುಗೆ ಮಾಡುವವರನ್ನು ನಿಲ್ಲಿಸಿಯೇ ಅಳೆಯಬೇಕು. ಮಡಿಸಿದ ಮೊಣಕೈಯಿಂದ ನಾಲ್ಕೈದು ಇಂಚು ಕೆಳಗಿದ್ದರೆ ಭುಜ ನೋಯುವುದಿಲ್ಲ. ಅತ್ತೆಯವರು ನಿಮಗಿಂತ ಕುಳ್ಳಗಿದ್ದರೆ ಕಟ್ಟೆಯ ಒಂದು ಭಾಗ ತಗ್ಗಿರಲಿ. ಹಾಲ್ ಮತ್ತು ಮಲಗುವ ಕೋಣೆಗಳಿಗೆ 2,700ರಿಂದ 3,000 ಕೆಲ್ವಿನ್‌ನ (ಇದು ಬೆಳಕಿನ ಛಾಯೆಯ ಅಳತೆ, ಡಬ್ಬಿಯ ಮೇಲೆ ಬರೆದಿರುತ್ತದೆ) ಹಳದಿ ಛಾಯೆಯ ಎಲ್‌ಇಡಿ ದೀಪಗಳನ್ನು ಹಾಕಿಸಿ, ಅಡುಗೆಮನೆಗೆ ತುಸು ಬಿಳಿಯಾದ 4,000 ಕೆಲ್ವಿನ್‌ನದು ಇರಲಿ. ಫಾಲ್ಸ್ ಸೀಲಿಂಗ್ ಕೈಬಿಟ್ಟರೆ ನಷ್ಟವೇನಿಲ್ಲ.

ಕೊನೆಯದಾಗಿ, ಹಳೆಯ ಮನೆಯಿಂದ ಏನೇನು ತರಬೇಕು ಎಂಬುದನ್ನು ಅತ್ತೆ ಮಾವನವರೇ ಆರಿಸಲಿ. ಅವರು ತರುವ ಪೆಟ್ಟಿಗೆ, ಮಣೆ, ಫೋಟೋಗಳ ಅಳತೆಯನ್ನು ಮೊದಲೇ ತೆಗೆದುಕೊಂಡು ನಕ್ಷೆಯಲ್ಲಿ ಜಾಗ ಗುರುತಿಸಿ. ಎಲ್ಲ ಮುಗಿದ ಮೇಲೆ ಉಳಿದ ಸಂದಿಯಲ್ಲಿ ಅವರ ವಸ್ತುಗಳನ್ನು ತುರುಕಿದರೆ, ಇದು ಮಗ ಸೊಸೆಯ ಮನೆ ಎಂಬ ಭಾವನೆ ಅವರಲ್ಲಿ ಉಳಿದುಬಿಡುತ್ತದೆ. ಮರದ ಸಾಮಾನುಗಳಿಗೆ ಗೆದ್ದಲು, ಮರ ಕೊರೆಯುವ ಹುಳು ಹಿಡಿದಿದೆಯೇ ಎಂದು ಬಡಗಿಯವರಿಂದ ನೋಡಿಸಿಯೇ ಒಳಗೆ ತನ್ನಿ.

ಪ್ರಶ್ನೆ: ಹಾಸನದಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ ಶಿಕ್ಷಕಿ ನಾನು. ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂಬುದು ಮಾಲೀಕರ ಷರತ್ತು. ಎರಡು ವರ್ಷವಾದರೂ ಮನೆ ನನ್ನದೆನ್ನಿಸುತ್ತಿಲ್ಲ.

ಉತ್ತರ: ಗೋಡೆಯನ್ನು ಮಾಲೀಕರಿಗೆ ಬಿಟ್ಟುಬಿಡಿ, ನೆಲ ಮತ್ತು ಬೆಳಕು ನಿಮ್ಮವು. ಮಧ್ಯದ ಬಿಳಿ ಟ್ಯೂಬ್‌ಲೈಟನ್ನು ಸಂಜೆ ಆರಿಸಿ, ಹಳದಿ ಬಲ್ಬಿನ ಎರಡು ಮೇಜುದೀಪಗಳನ್ನು ಬೇರೆಬೇರೆ ಮೂಲೆಗಳಲ್ಲಿ ಇಟ್ಟು ನೋಡಿ. ನೆಲಕ್ಕೆ ನವಲಗುಂದದ ಜಮಖಾನೆಯಂಥದ್ದೊಂದು ಬಂದರೆ ಕೋಣೆಯ ಸ್ವರೂಪವೇ ಬದಲಾಗುತ್ತದೆ, ಮನೆ ಬಿಡುವಾಗ ಸುತ್ತಿ ಒಯ್ಯಬಹುದು. ಚಿತ್ರಗಳನ್ನು ತಗ್ಗಾದ ಕಪಾಟಿನ ಮೇಲೆ ಗೋಡೆಗೆ ಒರಗಿಸಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಪಶ್ಚಿಮದ ಕಿಟಕಿಗೆ ದಪ್ಪ ಹತ್ತಿಯ ಪರದೆ ಇರಲಿ. ಒಬ್ಬರೇ ಇರುವವರು ಊಟವನ್ನು ಹಾಸಿಗೆಯ ಮೇಲೋ ಫೋನಿನ ಮುಂದೋ ಮುಗಿಸಿಬಿಡುವುದುಂಟು. ಕಿಟಕಿಯ ಬಳಿ ಸಣ್ಣ ಮೇಜು ಹಾಕಿ, ಅದರ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ಇಡದೆ, ಊಟಕ್ಕೆಂದೇ ಬಿಡಿ. ಎದುರಿಗೆ ಇನ್ನೊಂದು ಕುರ್ಚಿಯೂ ಇರಲಿ, ಯಾರಾದರೂ ಬಂದರೆ ಕಾಫಿ ಕೊಟ್ಟು ಕೂರಿಸಲು.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ಮನೆ. ಪ್ರತಿ ಮಳೆಗಾಲದಲ್ಲಿ ವಾರ್ಡ್‌ರೋಬಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಈ ಬಾರಿ ವಾರ್ಡ್‌ರೋಬಿನ ಬುಡವೂ ಉಬ್ಬಿದೆ. ಗೋಡೆಗೆ ವಾಲ್‌ಪೇಪರ್ ಅಂಟಿಸಿ ಮುಚ್ಚಬಹುದು ಎನ್ನುತ್ತಾರೆ. ಮಗನಿಗೆ ಉಬ್ಬಸವಿದೆ.

ಉತ್ತರ: ವಾಲ್‌ಪೇಪರ್ ಖಂಡಿತ ಬೇಡ. ಅದರ ಅಂಟಿನಲ್ಲಿಯೇ ಬೂಷ್ಟು ಬೆಳೆಯುತ್ತದೆ, ಉಬ್ಬಸವಿರುವ ಮಗುವಿಗೆ ಅದು ಕೆಟ್ಟದ್ದು. ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆಮಾಡಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂರುತ್ತಿದೆ. ಮೊದಲನೆಯದಾದರೆ ಹೊರಗಿನ ಬಿರುಕು, ಪೈಪು, ಸಜ್ಜಾಗಳನ್ನು ಸರಿಪಡಿಸದೆ ಒಳಗೆ ಏನು ಬಳಿದರೂ ವ್ಯರ್ಥ. ಮಳೆ ಹೊಡೆಯುವ ಗೋಡೆಗೆ ಹಿಂದಿನವರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನೀವು ಗೋಡೆಯಿಂದ ತುಸು ಅಂತರ ಬಿಟ್ಟು ಶೀಟ್ ಹಾಕಿಸಬಹುದು. ಎರಡನೆಯದಾದರೆ ಗಾಳಿಯಾಡಬೇಕು. ವಾರ್ಡ್‌ರೋಬನ್ನು ಗೋಡೆಯಿಂದ ಮೂರು ಇಂಚು ಈಚೆಗೆ, ನೆಲದಿಂದ ನಾಲ್ಕು ಇಂಚು ಮೇಲಕ್ಕೆ ನಿಲ್ಲಿಸಿ, ಸಾಧ್ಯವಾದರೆ ಹೊರಗೋಡೆ ಬಿಟ್ಟು ಒಳಗೋಡೆಯ ಕಡೆಗೆ ಸರಿಸಿ. ತೇವಾಂಶ ತೋರಿಸುವ ಸಣ್ಣ ಮಾಪಕ ಕೊಂಡು ಕೋಣೆಯಲ್ಲಿಡಿ, 60 ಪ್ರತಿಶತಕ್ಕಿಂತ ಕೆಳಗಿದ್ದರೆ ಬೂಷ್ಟು ಹತೋಟಿಯಲ್ಲಿರುತ್ತದೆ.

ಈಗಿರುವ ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಬೇಡಿ, ಪುಡಿ ಗಾಳಿಗೆ ಹಾರುತ್ತದೆ. ಮಗನನ್ನು ಬೇರೆಡೆ ಕಳಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೊಸ ವಾರ್ಡ್‌ರೋಬಿಗೆ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒಪ್ಪಬೇಡಿ. ಐ.ಎಸ್. (ಭಾರತೀಯ ಮಾನಕ) 710 ಎಂಬ ಮುದ್ರೆಯಿರುವುದು ನೀರು ತಾಳುವ ಮರೈನ್ ಪ್ಲೈವುಡ್, ಐ.ಎಸ್. 303 ಸಾಮಾನ್ಯ ಬಳಕೆಯದು. ಬುಡದ ಭಾಗಕ್ಕಾದರೂ ಮೊದಲನೆಯದನ್ನೇ ಹಾಕಿಸಿ. ಗೋಡೆಗೆ ಸುಣ್ಣ ಬಳಿಯುವುದು ಈಗಲೂ ಒಳ್ಳೆಯ ಉಪಾಯ, ಸುಣ್ಣದ ಕ್ಷಾರಗುಣದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು. ಆದರೆ ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ, ಹಳೆಯ ಪೇಂಟನ್ನು ಕೆರೆದು ತೆಗೆಸಬೇಕು. ಇದೆಲ್ಲವನ್ನೂ ಗೋಡೆ ಚೆನ್ನಾಗಿ ಒಣಗಿದ ಮೇಲೆ, ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಮಾಡಿಸಿ. ಅಲ್ಲಿಯವರೆಗೆ ಮಗನನ್ನು ಬೇರೆ ಕೋಣೆಯಲ್ಲಿ ಮಲಗಿಸಿ.