ಹೆಸರಲ್ಲಿ ಮಿಂಚುಹುಳ, ಒಳಗೆ ಅಣಬೆ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕತ್ತಲಲ್ಲಿ ಹೊಳೆಯುವ ‘ಫೈರ್‌ಫ್ಲೈ ಪೆಟೂನಿಯಾ’ ಗಿಡ ಕೊಂಡಿದ್ದಾಳೆ. ರಾತ್ರಿ ನೋಡಿದರೆ ಬೆಳಕೇ ಕಾಣದಂತೆ. ಮುಂದಿನ ಸಲ ಬರುವಾಗ ಒಂದು ಟೊಂಗೆ ತರಲು ಹೇಳಲೇ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಬೆಳಕಿನ ವಿಚಾರ. ಇದು ರೇಡಿಯಂ ಸ್ಟಿಕ್ಕರಿನಂತೆ ಹಗಲಿನ ಬೆಳಕನ್ನು ಹೀರಿಟ್ಟುಕೊಂಡು ರಾತ್ರಿ ಬಿಡುವ ಗಿಡವಲ್ಲ. ಎಲ್ಲ ಗಿಡಗಳಲ್ಲೂ ಇರುವ ಕೆಫಿಕ್ ಆಮ್ಲವೇ ಈ ದೀಪಕ್ಕೆ ಎಣ್ಣೆ. ‘ನಿಯೋನೋಥೋಪ್ಯಾನಸ್ ನಂಬಿ’ ಎಂಬ ಹೊಳೆಯುವ ಅಣಬೆಯ ಜೀನುಗಳನ್ನು ಪೆಟೂನಿಯಾಕ್ಕೆ ಸೇರಿಸಿದ್ದಾರೆ. ಅವುಗಳಿಂದಾದ ಕಿಣ್ವಗಳು ಕೆಫಿಕ್ ಆಮ್ಲವನ್ನು ಹಿಸ್ಪಿಡಿನ್ ಎಂಬ ವಸ್ತುವಾಗಿ, ಆಮೇಲೆ ಬೆಳಕು ಕೊಡುವ ಲೂಸಿಫೆರಿನ್ ಆಗಿ ಮಾರ್ಪಡಿಸುತ್ತವೆ. ಅದು ಆಮ್ಲಜನಕದೊಂದಿಗೆ ಸೇರಿದಾಗ ಹಸಿರು ಬೆಳಕು ಹೊಮ್ಮುತ್ತದೆ. ಉಳಿದ ವಸ್ತು ಮತ್ತೆ ಕೆಫಿಕ್ ಆಮ್ಲವಾಗುವುದರಿಂದ ಹೊರಗಿನಿಂದ ಏನನ್ನೂ ಉಣಿಸಬೇಕಿಲ್ಲ. 1986ರಲ್ಲಿ ನಿಜವಾದ ಮಿಂಚುಹುಳದ ಜೀನು ಹಾಕಿ ಬೆಳಗಿಸಿದ ಹೊಗೆಸೊಪ್ಪಿನ ಗಿಡಕ್ಕೆ ಲೂಸಿಫೆರಿನ್ ಕೊಡಲೇಬೇಕಿತ್ತು. ಈ ಪೆಟೂನಿಯಾದಲ್ಲಿ ಮಿಂಚುಹುಳದ್ದು ಹೆಸರು ಮಾತ್ರ!

ಹಾಗಾಗಿ ಗಿಡ ಚುರುಕಾಗಿ ಬೆಳೆಯುತ್ತಿದ್ದರಷ್ಟೇ ಹೊಳಪು. ಮೊಗ್ಗು, ಆಗಷ್ಟೇ ಅರಳಿದ ಹೂವು ಹೆಚ್ಚು ಬೆಳಗುತ್ತವೆ; ಹಳೆಯ ಎಲೆ ಮಂಕು. ಮನೆಯೊಳಗೆ ಕಿಟಕಿಯ ಬಳಿ ಇಟ್ಟು ಸೊರಗಿಸುವುದೇ ಸಾಮಾನ್ಯ ತಪ್ಪು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಲಿ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಲಿ, ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬಾಡಿದ ಹೂ ಕಿತ್ತು, ಉದ್ದವಾದ ಟೊಂಗೆಗಳ ತುದಿ ಕತ್ತರಿಸಿದರೆ ಹೊಸ ಚಿಗುರು, ಹೊಸ ಮೊಗ್ಗು.

ನೋಡುವ ಕ್ರಮವೂ ಮುಖ್ಯ. ಬೀದಿದೀಪ, ಮೊಬೈಲು ಯಾವುದೂ ಕಣ್ಣಿಗೆ ಬೀಳದ ಕತ್ತಲಲ್ಲಿ ಹತ್ತು ನಿಮಿಷ ಕೂತು ನೋಡಬೇಕು. ಜಾಹೀರಾತಿನ ಫೋಟೊದಷ್ಟು ಪ್ರಖರ ಬೆಳಕನ್ನು ನಿರೀಕ್ಷಿಸಬೇಡಿ; ಕ್ಯಾಮೆರಾ ಹತ್ತಿಪ್ಪತ್ತು ಸೆಕೆಂಡು ಬೆಳಕು ಕೂಡಿಸುತ್ತದೆ, ಕಣ್ಣಿಗೆ ಆ ಶಕ್ತಿಯಿಲ್ಲ.

ಟೊಂಗೆ ತರುವ ಮಾತು ಬೇಡ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ಕೊಟ್ಟ ಒಪ್ಪಿಗೆ ಆ ದೇಶಕ್ಕಷ್ಟೇ. ನಮ್ಮಲ್ಲಿ ಕುಲಾಂತರಿ ಗಿಡ ತರಲು 1989ರ ನಿಯಮಗಳ ಪ್ರಕಾರ ಜಿಇಎಸಿ (ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರ ಸರ್ಕಾರದ ಸಮಿತಿ) ಅನುಮತಿ ಬೇಕು, ಮೇಲೆ ಸಸ್ಯ ಆಮದು ಪರವಾನಗಿ ಬೇರೆ.

ಪ್ರಶ್ನೆ: ಆನ್‌ಲೈನಿನಲ್ಲಿ 150 ರೂಪಾಯಿಗೆ ನೀಲಿಯಾಗಿ ಹೊಳೆಯುವ ಹೂವಿನ ಬೀಜ ಸಿಗುತ್ತಿದೆ. ಕೊಳ್ಳಬಹುದೇ?
– ಓದುಗರು, ತುಮಕೂರು

ಉತ್ತರ: ಬೇಡ, ಮೋಸ. ಆ ಪೆಟೂನಿಯಾ 2024ರಲ್ಲಿ ಮಾರಾಟಕ್ಕೆ ಬಂದದ್ದು ಸಸಿಯಾಗಿ, ಒಂದಕ್ಕೆ 29 ಡಾಲರಿನಂತೆ. ಅದರ ಬೆಳಕೂ ಹಸಿರು, ನೀಲಿಯಲ್ಲ.