ವೈನ್ ಶಾಪ್‌ಗೆ ಮಳಿಗೆ ಕೊಡಬಹುದೇ?

ಸಾಗರದ ಮುಸ್ಲಿಂ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಮಳಿಗೆ ಖಾಲಿಯಿದೆ. ವೈನ್ ಶಾಪ್‌ನವರು ದಿನಸಿಯವರಿಗಿಂತ ದುಪ್ಪಟ್ಟು ಬಾಡಿಗೆ ಕೊಡ್ತಾರಂತೆ. ನಾನು ಕೊಡುವುದು ಬರೀ ನಾಲ್ಕು ಗೋಡೆ. ಮಾರುವವರು ಅವರು, ಕುಡಿಯುವವರು ಇನ್ಯಾರೋ. ನನಗೇಕೆ ಪಾಪ? ಮಹಡಿ ಮೇಲಿರುವ ಬಾಡಿಗೆದಾರ ಮುಸ್ಲಿಮನಲ್ಲ, ರಾತ್ರಿ ಕುಡಿಯುತ್ತಾನೆ. ಅವನನ್ನೂ ಬಿಡಿಸಬೇಕಾ?”

ಸಂಪಾದಕರ ಉತ್ತರ:

ನಿಮ್ಮ ನಾಲ್ಕು ಗೋಡೆಯ ವಾದ ಹಳೆಯದು. ಎಂಟನೇ ಶತಮಾನದಲ್ಲೇ ಇರಾಕಿನ ಕೂಫಾ ಊರಿನ ಧರ್ಮವಿದ್ವಾಂಸ ಇಮಾಮ್ ಅಬೂ ಹನೀಫಾ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಬಾಡಿಗೆ ಬರುವುದು ಮನೆಯ ಬಳಕೆಗೆ. ಹೆಂಡ ಮಾರುವುದು ಬಾಡಿಗೆದಾರ ತಾನಾಗಿ ಮಾಡುವ ಕೆಲಸ. ಬಾಡಿಗೆ ಹಿಡಿಯಲು ಬಂದವರು ಇಷ್ಟು ಹೇಳಿ ಸುಮ್ನಾಗ್ತಾರೆ. ಮುಂದಿನ ಕಥೆ ಹೇಳೋದಿಲ್ಲ. ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇಬ್ಬರೂ ಗುರುವಿನ ಮಾತು ಒಪ್ಪಲಿಲ್ಲ. ಆ ಮಾತು ಮುಸ್ಲಿಮರು ಕಡಿಮೆಯಿದ್ದ ಕೂಫಾ ಸುತ್ತಲಿನ ಹಳ್ಳಿಗಳಿಗೆ ಮಾತ್ರ ಎಂದು ಅವರದೇ ಪಂಥದ, ಅಂದರೆ ಹನಫಿ ಪಂಥದ, ನಂತರದ ವಿದ್ವಾಂಸರು ಬರೆದರು.

ಮಲೆನಾಡಲ್ಲೂ ಮುಸ್ಲಿಮರು ಕಡಿಮೆಯೇ ಅಲ್ವಾ ಎಂದು ನೀವು ಕೇಳಬಹುದು. ವಾದಕ್ಕೆ ಸರಿ. ಆದರೂ ನಮ್ಮ ಹನಫಿ ಮುಫ್ತಿಗಳು (ಧರ್ಮದ ಪ್ರಶ್ನೆಗಳಿಗೆ ಉತ್ತರ ಹೇಳುವ ವಿದ್ವಾಂಸರು) ಸಾಮಾನ್ಯವಾಗಿ ಬೇಡ ಎಂದೇ ಹೇಳುತ್ತಾರೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿ ಮುಸ್ಲಿಮರು ಶಾಫಿ ಎಂಬ ಇನ್ನೊಂದು ಪಂಥದವರು. ಅವರಲ್ಲಂತೂ ಈ ರಿಯಾಯಿತಿಯೇ ಇಲ್ಲ. ಪಾಪದ ಕೆಲಸಕ್ಕೆ ಒಬ್ಬರಿಗೊಬ್ಬರು ನೆರವಾಗಬೇಡಿ ಎಂದು ಕುರ್‌ಆನಿನ ಅಲ್-ಮಾಇದಾ ಅಧ್ಯಾಯದ 2ನೇ ವಚನ ಹೇಳುತ್ತದೆ. ಮದ್ಯದ ವಿಷಯದಲ್ಲಿ ಹತ್ತು ಮಂದಿಗೆ ಶಾಪವಿದೆ ಎನ್ನುವ ಹದೀಸ್ (ಪ್ರವಾದಿಯವರ ಮಾತು) ಇದೆ. ಅದರಲ್ಲಿ ಕಟ್ಟಡದ ಮಾಲೀಕ ಇಲ್ಲ, ನಿಜ. ಹೊತ್ತು ಸಾಗಿಸುವವನು ಇದ್ದಾನೆ. ಅವನೂ ಕುಡಿಯೋದಿಲ್ಲ, ಮಾರೋದಿಲ್ಲ!

ಇನ್ನು ಮಹಡಿಯವನು. ಅವನನ್ನು ಬಿಡಿಸಬೇಡಿ. ಹನ್ನೊಂದನೇ ಶತಮಾನದ ಹನಫಿ ವಿದ್ವಾಂಸ ಸರಖ್ಸಿ ಇಂಥದ್ದನ್ನೇ ಬಿಡಿಸಿ ಹೇಳಿದ್ದಾರೆ. ಮುಸ್ಲಿಮೇತರನಿಗೆ ವಾಸಕ್ಕೆಂದು ಮನೆ ಕೊಟ್ಟು, ಅವನು ಒಳಗೆ ಕುಡಿದರೆ ಮಾಲೀಕನಿಗೆ ಗುನಾಹ್ (ಪಾಪ) ಇಲ್ಲ. ನೀವು ಕೊಟ್ಟದ್ದು ವಾಸಕ್ಕೆ, ಕುಡಿಯಲಿಕ್ಕಲ್ಲ.

ವೈನ್ ಶಾಪ್ ವಿಷಯದಲ್ಲಿ ಹೀಗೆ ಹೇಳಲು ಬರುವುದಿಲ್ಲ. ಅಬಕಾರಿ ಲೈಸೆನ್ಸ್ ಸಿಗುವುದೇ ಇಂಥ ಜಾಗಕ್ಕೆ ಅಂತ. ಅಗ್ರಿಮೆಂಟಿನಲ್ಲಿ ಅಂಗಡಿ ಯಾವುದೆಂದು ಬರೆದಿರುತ್ತದೆ, ಕೆಳಗೆ ನಿಮ್ಮ ಸಹಿ. ಗೊತ್ತಿರಲಿಲ್ಲ ಅನ್ನೋ ದಾರಿ ಮುಚ್ಚಿಹೋಯ್ತು. ದುಪ್ಪಟ್ಟು ಬಾಡಿಗೆ ಬರುತ್ತಿರುವುದೂ ಅಲ್ಲಿ ಮದ್ಯ ಮಾರಬಹುದು ಅನ್ನೋ ಕಾರಣಕ್ಕೇ, ಗೋಡೆಗಳಿಗಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೊಡಬೇಡಿ.

ದಿನಸಿಯವರಿಗೇ ಕೊಡಿ. ಅವರು ಬೀಡಿ, ಸಿಗರೇಟು ಇಟ್ಟರೆ? ವ್ಯಾಪಾರದ ಮುಖ್ಯ ಭಾಗ ಯಾವುದು ಎಂದು ನೋಡುವ ವಿದ್ವಾಂಸರಿದ್ದಾರೆ, ಇಲ್ಲಿ ಮುಖ್ಯ ಭಾಗ ದಿನಸಿಯೇ. (ಅಡಿಕೆ ನಾಡಿನಲ್ಲಿ ಕೂತು ಗುಟ್ಕಾ ಮಾತು ಎತ್ತಿದರೆ ಒಂದು ಸಂಚಿಕೆ ಸಾಲದು, ಅದು ಬೇಡ.) ಅಗ್ರಿಮೆಂಟಿನಲ್ಲಿ ‘ದಿನಸಿ ವ್ಯಾಪಾರಕ್ಕೆ ಮಾತ್ರ’ ಎಂದು ಬರೆಸಿ. ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಜಾಗ ಬಳಸಬಾರದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೂ ಹೇಳುತ್ತದೆ. ವೈನ್ ಶಾಪ್‌ನವರಿಂದ ಅಡ್ವಾನ್ಸ್ ಹಿಡಿದಿದ್ದರೆ ಈ ವಾರವೇ ವಾಪಸ್ ಕೊಡಿ. ನಾನು ಮುಫ್ತಿಯಲ್ಲ. ಸಹಿ ಹಾಕುವ ಮೊದಲು ಅಗ್ರಿಮೆಂಟಿನ ಕರಡು ಹಿಡಿದುಕೊಂಡು ಮಸೀದಿಯ ಮೌಲಾನಾರನ್ನು ಕಾಣಿ. ಬಾಡಿಗೆ ಎಷ್ಟು ಅನ್ನೋದನ್ನೂ ಮುಚ್ಚಿಡದೆ ಹೇಳಿ.